ಅಧ್ಯಕ್ಷರ ಕ್ರಾಪು

ವಕೀಲರಿಗೆ ಅನುಮಾನ ಹುಟ್ಟಿದ್ದು ಕನ್ನಡಿಯ ಮುಂದೆ. ಕಿವಿ ಮುಚ್ಚಿಹೋಗಿತ್ತು. ಕತ್ತಿನ ಹಿಂದೆ ಕೂದಲು ಸವೆದ ಪೊರಕೆಯಂತೆ ಜೋತಿತ್ತು. ಕೈಯಲ್ಲಿದ್ದ ಫೋನಿನಲ್ಲಿ ವಸತಿ ಸಂಘದ ಅಧ್ಯಕ್ಷರು ಬೆಳಗಿನ ಭಾಷಣ ಮಾಡುತ್ತಿದ್ದರು. ಅವರ ಕ್ರಾಪು ಮಾತ್ರ ಆಗಷ್ಟೇ ಕಟಿಂಗ್ ಕುರ್ಚಿಯಿಂದ ಎದ್ದು ಬಂದಂತಿತ್ತು.

"ಊರಿಗೆಲ್ಲ ಬೀಗ. ಈ ಮನುಷ್ಯನ ತಲೆಗೆ ಮಾತ್ರ ಕತ್ತರಿ ಸಿಗುತ್ತೆ," ಎಂದರು ವಕೀಲರು.

"ಕೆಳಗಿನವನು ಕದ್ದು ಹತ್ತಿ ಬರ್ತಿದಾನೆ ಕಣ್ರೀ. ಇನ್ನೇನು?" ಎಂದರು ಹೆಂಡತಿ.

ಕೆಳಗಿನವನು ಎಂದರೆ ಕಟ್ಟಡದ ನೆಲಮಹಡಿಯಲ್ಲಿ ಕಟಿಂಗ್ ಶಾಪ್ ಇಟ್ಟವನು. ಅಂಗಡಿ ಸಂಘದ್ದು. ಅದರ ಹಿಂದಿನ ಕೋಣೆಯಲ್ಲೇ ಅವನ ಹೆಂಡತಿ, ಮಕ್ಕಳು, ಒಲೆ, ಹಾಸಿಗೆ. ರೋಗ ಬಂದು ಎಲ್ಲ ಮುಚ್ಚಿದಾಗ ಸಂಘ ಅವನಿಗೊಂದು ನಿಯಮ ಮಾಡಿತ್ತು: ಯಾರ ಮನೆಗಾದರೂ ಹೋಗಿ ಕೂದಲು ಕತ್ತರಿಸಿದರೆ ಅಂಗಡಿ, ಕೋಣೆ ಎರಡನ್ನೂ ಖಾಲಿ ಮಾಡಬೇಕು.

ನಿಯಮ ಬರೆದವರು ಅಧ್ಯಕ್ಷರೇ. ಮನೆಯೊಳಗೆ ಕೂರುವುದು ಅವರಿಗೆ ಕಷ್ಟವಾಗಿರಲಿಲ್ಲ. ಉಳಿದವರು ತಮ್ಮ ಪಾಡಿಗೆ ಕೂತಿರುವುದು ಕಷ್ಟವಾಗಿತ್ತು. ಅದಕ್ಕೇ ಬೆಳಗಾದರೆ ಪಾಸಿಟಿವ್ ಚಿಂತನೆ. ಕಿಟಕಿ ಮುಚ್ಚಿ, ಮಾತಿಗೆ ಅಡ್ಡಿ ಎಂದು ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಹೇಳುವರು: "ನಗುತ್ತ ಏಳಿ. ನೀಟಾಗಿರಿ. ಮನಸ್ಸು ಸರಿಯಾಗಿದ್ರೆ ಮುಖದಲ್ಲಿ ಕಾಣುತ್ತೆ. ನನ್ನನ್ನೇ ನೋಡಿ." ಕೆಲಸ ಹೋಯಿತು ಎಂದವನಿಗೆ ಗಿಡಗಳಿಗೆ ನೀರು ಹಾಕಲು ಹೇಳಿದರು. ದಿನಸಿ ಮುಗಿಯಿತು ಎಂದವಳಿಗೆ, ಕಮ್ಮಿ ತಿಂದರೆ ಮೈ ಹಗುರ ಎಂದರು. ಕೇಳಿದವರೆಲ್ಲ ಹೆಬ್ಬೆರಳಿನ ಚಿತ್ರ ಕಳಿಸಿ ಮತ್ತೆ ಮುಸುಕೆಳೆದರು.

ಭಾನುವಾರ ಮಾತ್ರ ಭಾಷಣಕ್ಕೆ ರಜ. ಅಂದು ಅಧ್ಯಕ್ಷರು ಮೌನ, ಯಾರಿಗೂ ಮುಖ ತೋರಿಸುವುದಿಲ್ಲ. ಇಡೀ ಕಟ್ಟಡಕ್ಕೆ ವಾರದಲ್ಲಿ ನಿಜವಾದ ನೆಮ್ಮದಿ ಸಿಗುತ್ತಿದ್ದ ದಿನ ಅದೊಂದೇ.

ದಾನದ ಬಗೆಗೂ ಅವರಲ್ಲಿ ಭಾಷಣವಿತ್ತು. ಶನಿವಾರ ಸಂಜೆ ಅವರ ಹೆಂಡತಿ ಮೇಲಿನ ಬಾಲ್ಕನಿಯಿಂದ ಒಂದು ಕೆಂಪು ಚೀಲವನ್ನು ಹಗ್ಗ ಕಟ್ಟಿ ಇಳಿಸುವರು. ಕೆಳಗೆ ಅಂಗಡಿಯವನು ಬಿಚ್ಚಿಕೊಳ್ಳುವನು. ಮಾರನೆಯ ಸಂಜೆ ಚೀಲ ಮತ್ತೆ ಮೇಲಕ್ಕೆ. "ಹೇಳ್ಕೋಬಾರದು, ಆದ್ರೂ ಹೇಳ್ತೀನಿ. ನಮ್ಮನೆ ಊಟದಲ್ಲಿ ಅವನಿಗೂ ಪಾಲಿದೆ," ಎನ್ನುವರು ಅಧ್ಯಕ್ಷರು. ಹೇಳಿಕೊಳ್ಳದ ವಾರವೇ ಇರಲಿಲ್ಲ.

ಎದುರು ಬಾಲ್ಕನಿಯಿಂದ ವಕೀಲರ ಹೆಂಡತಿ ಚೀಲದ ಮೇಲೂ ಕಣ್ಣಿಟ್ಟಿದ್ದರು. "ಹೋಗುವಾಗ ಎಷ್ಟು ಉಬ್ಬಿರುತ್ತೋ, ಬರುವಾಗಲೂ ಅಷ್ಟೇ ಉಬ್ಬಿರುತ್ತೆ ಕಣ್ರೀ. ಕೊಟ್ಟಿದ್ದನ್ನ ಹಂಗೇ ವಾಪಸ್ ಕಳಿಸ್ತಾನೇನೋ."

"ಸೊಕ್ಕು," ಎಂದರು ವಕೀಲರು. ಹಸಿದವನಿಗೆ ಸೊಕ್ಕಿರಬಾರದೆಂಬುದು ಹೊಟ್ಟೆ ತುಂಬಿದವರ ಕಾನೂನು.

ಒಂದು ಭಾನುವಾರ ಸಂಜೆ ಚೀಲ ಮೇಲೇರುವಾಗ ಆಕೆ ಅಲ್ಲಿಂದಲೇ ಕೂಗಿ ಕೇಳಿದರು: "ಅಕ್ಕಾ, ಅಣ್ಣಂಗೆ ಕಟಿಂಗ್ ನೀವೇ ಮಾಡ್ತೀರಾ? ನಮ್ಮನೆಯವರಿಗೂ ಒಂದು ಕೈ ಆಡಿಸಿ. ಕರಡಿ ಜೊತೆ ಸಂಸಾರ ಮಾಡಿದಂಗಾಗಿದೆ."

"ಇಲ್ಲಮ್ಮ. ಅವರ ತಲೆಗೆ ನಾನು ಕತ್ತರಿ ತಾಗಿಸಿದವಳೇ ಅಲ್ಲ," ಎಂದರು ಅಧ್ಯಕ್ಷರ ಹೆಂಡತಿ. "ಆ ತಲೆ ವಿಷಯ ಒಂದು ಬಿಟ್ಟು ಬೇರೆ ಏನಾದ್ರೂ ಕೇಳು." ಚೀಲ ಎಳೆದುಕೊಂಡು ಒಳಗೆ ಹೋದರು.

ಇಷ್ಟು ಸಾಕಾಯಿತು. ಮುಂದಿನ ಶನಿವಾರ ಸಂಜೆ ಫೋನಿನಲ್ಲೇ ಸಭೆ ಸೇರಿತು. ಪರದೆಯ ತುಂಬ ಚೌಕಗಳು, ಚೌಕಕ್ಕೊಂದು ಪೊದೆ. ನಡುವೆ ಅಧ್ಯಕ್ಷರ ಕ್ರಾಪು. ಮೂಲೆಯ ಚೌಕದಲ್ಲಿ ಅಂಗಡಿಯವನು, ಅವನ ಹೆಗಲ ಹಿಂದೆ ಹೆಂಡತಿಯ ಅರ್ಧ ಮುಖ.

"ಅಧ್ಯಕ್ಷರ ಮನೆಗೆ ಹೋಗಿ ಕಟಿಂಗ್ ಮಾಡಿದ್ಯಾ, ಇಲ್ವಾ?" ವಕೀಲರು ಕೋರ್ಟಿನ ದನಿ ತೆಗೆದರು. ಪಾಪ, ಕೋರ್ಟು ಮುಚ್ಚಿ ಅವರಿಗೂ ಬಹಳ ದಿನವಾಗಿತ್ತು.

"ಇಲ್ಲ ಸಾರ್. ಬೀಗ ಬಿದ್ದಾಗಿಂದ ನಾನು ಮೆಟ್ಟಿಲೇ ಹತ್ತಿಲ್ಲ."

"ಹಂಗಾದ್ರೆ ಆ ತಲೆ ಹಂಗಿರೋದು ಹೇಗೆ?"

"ಅದನ್ನ ಹೇಳೋನು ನಾನಲ್ಲ ಸಾರ್." ಅವನು ಪರದೆಯಲ್ಲಿ ಅಧ್ಯಕ್ಷರ ಮುಖ ಹುಡುಕಿದ. "ಅಧ್ಯಕ್ಷರೇ, ನೀವೇ ಒಂದು ಮಾತು ಹೇಳಿಬಿಡಿ. ಮಕ್ಕಳನ್ನ ಕಟ್ಕೊಂಡು ಈಗ ಎಲ್ಲಿಗೆ ಹೋಗ್ಲಿ?"

ಅಧ್ಯಕ್ಷರು ಹಣೆಯ ಬೆವರನ್ನು ಮೆಲ್ಲಗೆ ಒತ್ತಿಕೊಂಡರು. ನಿಟ್ಟುಸಿರು ಬಿಟ್ಟರು.

"ಬಂದಿದ್ದ. ಬೇಡ ಅಂದ್ರೂ ಬಂದ. ಹೊಟ್ಟೆಪಾಡು, ನಾನು ಕ್ಷಮಿಸಿದೀನಿ. ಆದ್ರೆ ನಿಯಮ ನಿಯಮವೇ. ಇದನ್ನೂ ಪಾಸಿಟಿವ್ ಆಗಿ ತಗೋಳಪ್ಪ. ಒಂದು ಬಾಗಿಲು ಮುಚ್ಚಿದ್ರೆ ನಿನಗೆ ಹೊಸ ಜಾಗ, ಹೊಸ ಬದುಕು. ಖಾಲಿ ಮಾಡಿಸೋಣ ಅನ್ನೋರು ಕೈ ಎತ್ತಿ."

ಮೂಲೆಯ ಚೌಕದಲ್ಲಿ ಅಂಗಡಿಯವನು ತಲೆ ತಗ್ಗಿಸಿದ.

ಅಧ್ಯಕ್ಷರ ಹಿಂದೆ ಅಡುಗೆಮನೆಯ ಬಾಗಿಲು ತೆರೆಯಿತು. "ರೀ, ಅವನು ಯಾವಾಗ ಬಂದಿದ್ದ?"

"ಒಳಗೆ ಹೋಗೇ. ಮೈಕ್ ಆನ್ ಇದೆ."

"ಕ್ಯಾಮೆರಾನೂ ಆನ್ ಇದೆ ತಾನೆ?"

ಅಷ್ಟರಲ್ಲಿ ಚೌಕಗಳಲ್ಲಿ ಒಂದೊಂದೇ ಕೈ ಮೇಲೇಳತೊಡಗಿತ್ತು. ಅಧ್ಯಕ್ಷರ ಚೌಕದಲ್ಲೂ ಹಿಂದಿನಿಂದ ಬಳೆ ತೊಟ್ಟ ಕೈಯೊಂದು ಎದ್ದಿತು.

ಅದು ಅವರ ಕ್ರಾಪನ್ನು ಇಡಿಯಾಗಿ ಎತ್ತಿ, ಪ್ರತಿ ಶನಿವಾರದಂತೆ, ಕೆಂಪು ಚೀಲದೊಳಗೆ ಹಾಕಿತು.