ಉಬ್ಬರಕ್ಕೆ ಬಿಟ್ಟ ಹಗ್ಗ

ಚಾದರ ಮಡಚಲೆಂದು ಎತ್ತಿದ ನೀತಾ ಹಾಗೆಯೇ ನಿಂತುಬಿಟ್ಟಳು. ನಾಗಶ್ರೀಯ ಎಡಗಾಲನ್ನು ಮಂಚದ ಕಾಲಿಗೆ ಕಟ್ಟಿತ್ತು. ಕಟ್ಟಿದ್ದು ನೀತಾಳದೇ ಹಸಿರು ವೇಲ್. ಐದು ವರ್ಷದ ಹುಡುಗಿ ನಿದ್ದೆಯಿಲ್ಲದ ಕಣ್ಣುಗಳನ್ನು ಬಿಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಅವಳನ್ನೇ ನೋಡುತ್ತಿದ್ದಳು.

ಸ್ನಾನ ಮುಗಿಸಿ ಬಂದ ಗಂಡ ಸತೀಶ ಬಾಗಿ ಗಂಟನ್ನು ನೋಡಿದ. ಬಿಣಗಾದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವನಿಗೆ ಮುಟ್ಟುವ ಮೊದಲು ನೋಡುವುದು ಅಭ್ಯಾಸ. ಬಟ್ಟೆಯನ್ನು ಸುಮ್ಮನೆ ಸುತ್ತಿ ಸುತ್ತಿ ಸಿಕ್ಕಿಸಿತ್ತು, ಎಳೆದರೆ ಬಿಚ್ಚಿಹೋಗುವಂತಿತ್ತು. ಇದು ದೊಡ್ಡವರ ಕೈಯ ಗಂಟಲ್ಲ, ಇವಳೇ ಕಟ್ಟಿಕೊಂಡಿದ್ದಾಳೆ ಎಂದ.

ನೀತಾ ದನಿ ತಗ್ಗಿಸಿದಳು. "ಹಾಗಾದ್ರೆ ಅಲ್ಲಿ ಹೀಗೇ ಕಟ್ಟಿ ಮಲಗಿಸ್ತಿದ್ರಾ?"

ಅಲ್ಲಿ ಎಂದರೆ ಘಟ್ಟದ ಮೇಲಿನ ಶಿಶುಗೃಹ. ದತ್ತು ಪಡೆದು ಅಲ್ಲಿಂದ ಮನೆಗೆ ಕರೆತಂದ ದಿನದಿಂದ ಮಗು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಸತೀಶ ಪ್ರಯೋಗಾಲಯದ ರೀತಿಯಲ್ಲೇ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದ್ದ: ಮೊದಲು ಹಾಲು, ಆಮೇಲೆ ಬಲ್ಬು, ಆಮೇಲೆ ಫ್ಯಾನು, ದಿಂಬು. ಯಾವುದೂ ಫಲ ಕೊಡಲಿಲ್ಲ. ಸಂಜೆ ಹಾಲ್‌ನ ಚಾಪೆಯ ಮೇಲೆ ಕೂತಲ್ಲೇ ತೂಕಡಿಸಿ ಉರುಳುತ್ತಿದ್ದವಳನ್ನು ಗಂಡಹೆಂಡತಿ ಉಸಿರು ಬಿಗಿಹಿಡಿದು ಎತ್ತಿ, ಒಳಗಿನ ಮಂಚದಲ್ಲಿ ಮಲಗಿಸುತ್ತಿದ್ದರು. ಸ್ವಲ್ಪ ಹೊತ್ತಿಗೇ ಎಚ್ಚರಾಗಿ ಗೋಡೆ ತಡವುತ್ತಿದ್ದಳು. ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ನಾವು ಇವಳಿಗೆ ಹಿಡಿಸಲಿಲ್ಲ ಎಂದು ನೀತಾ ತೀರ್ಮಾನಿಸಿಯಾಗಿತ್ತು. ಮುಂದಿನ ವಾರ ಶಿಶುಗೃಹದವರು ಮಗುವನ್ನು ನೋಡಲು ಬರುವವರಿದ್ದರು. ಗುಳಿಬಿದ್ದ ಈ ಕಣ್ಣು ಕಂಡು ವಾಪಸು ಕರೆದೊಯ್ದರೆ ಎಂಬ ಹೆದರಿಕೆ ಅವಳಿಗೆ. ಈಗ ನೋಡಿದರೆ ಈ ಗಂಟು. ಅವರನ್ನೇ ಕೇಳಿಬಿಡುತ್ತೇನೆಂದು ಫೋನ್ ಎತ್ತಿಕೊಂಡಳು.

ಸತೀಶ ಅವಳನ್ನು ತಡೆದು, ನೆಲದ ಮೇಲೆ ಕೂತು ಕೇಳಿದ. "ಇದನ್ನ ಯಾರು ಕಲಿಸಿದ್ದು ಮಗಾ?"

"ಅಜ್ಜ."

ಅಜ್ಜನೆಂದರೆ ನೀತಾಳ ಅಪ್ಪ, ಹಾರವಾಡದ ಬಾಳಾ. ಹರೆಯದಿಂದಲೂ ದೋಣಿಯಲ್ಲೇ ಬದುಕಿದವನು. ಆದಿತ್ಯವಾರ ಬಂದವನು ಮೊಮ್ಮಗಳಿಗೆ ಟ್ರಾಲರ್ ತೋರಿಸಲೆಂದು ಬೈತಖೋಲ ಬಂದರಿಗೆ ಕರೆದೊಯ್ದಿದ್ದ. ಕೈಯಲ್ಲಿದ್ದ ಫೋನಿನಿಂದ ನೀತಾ ಅಪ್ಪನಿಗೇ ಕರೆ ಮಾಡಿದಳು.

"ನಾನೆಂತ ಕಲಿಸಲಿಲ್ಲ ಮಾರಾಯ್ತಿ," ಎಂದ ಬಾಳಾ. "ದೋಣಿ ಎಂತಕ್ಕೆ ಕಟ್ತೀರಿ ಕೇಳ್ತು. ಕಟ್ಟದಿದ್ರೆ ನಾವು ಮಲಗಿದ್ದಾಗ ತೇಲಿಹೋಗಿ, ಬೆಳಿಗ್ಗೆ ಬೇರೆ ಎಲ್ಲೋ ಇರ್ತದೆ ಅಂದೆ. ಅಷ್ಟೇ."

ನೀತಾ ಮಗಳ ಕಡೆ ತಿರುಗಿದಳು. "ನೀನೇನು ದೋಣಿಯನಾ? ಎಲ್ಲಿಗೆ ತೇಲಿಹೋಗ್ತೆ?"

ನಾಗಶ್ರೀ ಕಾಲನ್ನು ಹಿಂದಕ್ಕೆಳೆದುಕೊಂಡಳು. "ನಾ ಮಕ್ಕೊಂಡ್ರ ಬ್ಯಾರೆ ಕಡೆ ಏಳ್ತೇನಿ."

ಸತೀಶನಿಗೆ ಕಾರು ನೆನಪಾಯಿತು. ಘಟ್ಟ ಇಳಿಯುವಾಗ ಮಗುವಿಗೆ ಗಾಢ ನಿದ್ದೆ. ಎಚ್ಚರಾದದ್ದು ಬಿಣಗಾದ ಈ ಮಂಚದ ಮೇಲೆ. ಅದಕ್ಕೂ ಮೊದಲು ಯಾವುದೋ ಊರಿನಿಂದ ಶಿಶುಗೃಹಕ್ಕೆ ಬಂದದ್ದೂ ರಾತ್ರಿ ಬಸ್ಸಿನಲ್ಲಂತೆ. ಇಲ್ಲಿಯಾದರೂ ಏನು, ದಿನವೂ ಮಲಗಿದ್ದು ಚಾಪೆಯಲ್ಲಿ, ಎದ್ದದ್ದು ಮಂಚದಲ್ಲಿ. ಎಲ್ಲವನ್ನೂ ಬದಲಿಸಿ ನೋಡಿದವನು ತಾವು ಎತ್ತಿ ಒಯ್ಯುವುದನ್ನು ಮಾತ್ರ ಬದಲಿಸಿರಲಿಲ್ಲ.

ಅಂದು ಸಂಜೆ ಬಾಳಾ ಬಂದ. ಹೆಗಲಲ್ಲಿ ಉಪ್ಪುನೀರಿನ ವಾಸನೆಯ ಹಳೆಯ ಹಗ್ಗದ ಸುರುಳಿ. "ಕಾಲಿಗೆ ಕಟ್ಟೂಕಿಲ್ಲ ಮಗಾ. ದೋಣಿಯಲ್ಲಿ ಕೂತವರನ್ನ ಯಾರಾದ್ರೂ ಕಟ್ತಾರನಾ? ದೋಣೀನ ಕಟ್ಟೂದು," ಎಂದು ಮಂಚವನ್ನೇ ಕಿಟಕಿಯ ಸರಳಿಗೆ ಕಟ್ಟಿದ. ಉಳಿದ ಸುರುಳಿಯನ್ನು ಕಿಟಕಿಯ ಕೆಳಗೆ ಇಟ್ಟ.

ನಾಗಶ್ರೀ ಹಗ್ಗ ಮುಟ್ಟಿ ನೋಡಿದಳು. "ಸಡ್ಲ ಐತಿ ಅಜ್ಜಾ."

"ಇರ್ಬೇಕು. ಉಬ್ಬರಕ್ಕೆ ನೀರು ಏರ್ತದೆ. ಬಿಗಿ ಕಟ್ಟಿದ್ರೆ ದೋಣಿ ಮಗುಚ್ತದೆ."

ಅವಳ ಕೈಗೆ ಗಂಟು ಒಗ್ಗುವವರೆಗೂ ಕಟ್ಟಿಸಿದ, ಬಿಚ್ಚಿಸಿದ. ಅಂದಿನಿಂದ ಅವಳು ಎಲ್ಲಿ ಮಲಗಿದರೆ ಅಲ್ಲೇ. ಯಾರೂ ಎತ್ತುವಂತಿರಲಿಲ್ಲ. ಚಾಪೆಯಾದರೆ ಅಪ್ಪ ಅಮ್ಮ ಇಬ್ಬರೂ ಚಾಪೆಗೇ ಬರುತ್ತಿದ್ದರು. ನಿದ್ದೆ ಮೊದಲು ಚೂರುಚೂರಾಗಿ ಬಂತು. ಆಮೇಲೆ ಒಂದು ದಿನ ಬೆಳಕು ಹರಿಯುವವರೆಗೂ ಉಳಿಯಿತು. ಶಿಶುಗೃಹದವರು ಬಂದು, ಚಹಾ ಕುಡಿದು, ಮಗು ಚೆನ್ನಾಗಿದೆಯೆಂದು ಹೇಳಿ ಹೋದರು. ನಿಮ್ಮ ಬಲ್ಬಿಗೆ ಕೊಟ್ಟ ದುಡ್ಡು ದಂಡವಾಯಿತೆಂದು ನೀತಾ ಗಂಡನನ್ನು ಕಾಡಿಸಿದಳು.

ಅದೇ ಹೊತ್ತಿಗೆ ಸತೀಶನಿಗೆ ಮೊದಲ ಪಾಳಿ ಬಂತು. ಕತ್ತಲಿರುವಾಗಲೇ ಹೊರಡಬೇಕು. ಮೊದಲ ದಿನ ಬೆಳಿಗ್ಗೆ ಎದ್ದ ನಾಗಶ್ರೀ ಮನೆಯೆಲ್ಲ ಹುಡುಕಿ, ಅಪ್ಪ ಎಲ್ಲಿ ಎಂದು ಕೇಳಿದಳು. ನೀನು ಮಲಗಿದ್ದಾಗ ಡ್ಯೂಟಿಗೆ ಹೋದರು ಎಂದು ನೀತಾ ದೋಸೆ ಹೊಯ್ಯುತ್ತಲೇ ಹೇಳಿದಳು. ಮಗು ಬಹಳ ಹೊತ್ತು ಮಂಚದ ಹಗ್ಗವನ್ನೇ ನೋಡುತ್ತ ಕೂತಿತ್ತು.

ಮರುದಿನ ಅಲಾರಂ ಆರಿಸಿ ಎದ್ದ ಸತೀಶನ ಕಾಲಿಗೆ ಏನೋ ತೊಡರಿತು. ಮೊಬೈಲಿನ ಬೆಳಕು ಹಾಯಿಸಿದ. ಮಂಚದ ಗಂಟು ಬಿಚ್ಚಿತ್ತು. ಕಿಟಕಿಯಿಂದ ಬಂದ ಹಗ್ಗದ ತುದಿ ಅವನ ಕಣಕಾಲಿಗೆ ಅಜ್ಜ ಕಲಿಸಿದ ಗಂಟಿನಲ್ಲಿ ಭದ್ರವಾಗಿ ಕಟ್ಟಿತ್ತು. ಪಕ್ಕದಲ್ಲಿ ನಾಗಶ್ರೀ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಅವಳನ್ನು ಯಾವುದಕ್ಕೂ ಕಟ್ಟಿರಲಿಲ್ಲ.

ಕಿಟಕಿಯ ಕೆಳಗಿನ ಸುರುಳಿಯಿಂದ ಸಡಿಲವನ್ನೂ ಮರೆಯದೆ ಬಿಟ್ಟಿದ್ದಳು. ಎಷ್ಟು ಬಿಟ್ಟಿದ್ದಾಳೆಂದು ನೋಡುವ ಕುತೂಹಲವಾಗಿ ಸತೀಶ ಗಂಟು ಬಿಚ್ಚದೆ ಮೆಲ್ಲನೆ ಹೆಜ್ಜೆ ಇಟ್ಟ. ಬಚ್ಚಲಿಗೆ ಹಗ್ಗ ಬಂತು. ಅಡುಗೆಮನೆಯ ಒಲೆಯವರೆಗೂ ಬಂತು. ಹೊರಬಾಗಿಲಿಗೆ ಮಾತ್ರ ಒಂದು ಹೆಜ್ಜೆ ಸಾಲಲಿಲ್ಲ.