ಟೊಳ್ಳು ಸದ್ದು

"ನಾನು ಒಳಗೆ ಬರಲ್ಲ. ಪಾದ ಮೇಲಕ್ಕೆ ಏಳ್ತಿಲ್ಲ ಅಂತ ನೀನೇ ಹೋಗಿ ಹೇಳ್ಬಿಡು," ಎಂದ ಟೈಲ್ಸ್ ಮೇಸ್ತ್ರಿ.

"ಚೆನ್ನಾಗಿದೆ. ಕಾಲು ನಿಮ್ದು, ತೋರಿಸೋಕೆ ನಾನು ಹೋಗ್ಲಾ?" ಹೆಂಡತಿ ಅವನ ಬಲಪಾದಕ್ಕೆ ಆಸರೆಯಾಗಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಈಗ ಅವರದೇ ಸರದಿ.

ಮೂವತ್ತು ವರ್ಷ ಕುಕ್ಕರುಗಾಲಿನಲ್ಲಿ ಕೂತು ಕಂಡವರ ಮನೆಗೆಲ್ಲ ಟೈಲ್ಸ್ ಹಾಸಿದವನು. ಒಂದು ದಿನ ಪಾದ ಜೋತುಬಿತ್ತು, ನಡೆದರೆ ಬೆರಳು ನೆಲಕ್ಕೆ ತಗುಲಿ ಮುಗ್ಗರಿಸತೊಡಗಿದ. ಡಾಕ್ಟರು ಪಾದವನ್ನು ಬಿಟ್ಟು ಮೊಣಕಾಲಿನ ಹೊರಬದಿಗೆ ಎರಡು ಬೆರಳಿನಿಂದ ಕುಟ್ಟಿದ್ದರು. ಹೆಬ್ಬೆರಳಿನವರೆಗೂ ಕರೆಂಟ್ ಹೊಡೆದಂತಾಯಿತು. "ನರ ಒತ್ತಿಕೊಂಡಿರೋದು ಇಲ್ಲೇ. ಕೊಯ್ದು ಬಿಡಿಸ್ಬೇಕು," ಎಂದರು. ಮೇಸ್ತ್ರಿ ಮರುಮಾತಾಡದೆ ಒಪ್ಪಿದ. ಕುಟ್ಟಿ ನೋಡಿ ಕೆಟ್ಟ ಜಾಗ ಹಿಡಿಯುವವರನ್ನು ನಂಬದೆ ಇನ್ಯಾರನ್ನು ನಂಬುವುದು? ಟೈಲ್ಸ್ ಕುಟ್ಟಿ ಟೊಳ್ಳು ಹಿಡಿಯುವ ತಾನೂ ಅದೇ ಕಸುಬಿನವನಲ್ಲವೆ.

ಆಪರೇಷನ್ ಆಗಿ ನಾಲ್ಕು ತಿಂಗಳಾಗಿತ್ತು. ಮೊದಮೊದಲು ದಿನವೂ ಪಾದವನ್ನೇ ದುರುಗುಟ್ಟಿ ನೋಡುತ್ತ ಎತ್ತಲು ಹೆಣಗುತ್ತಿದ್ದ. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹದಿನೈದು ದಿನದಿಂದ ಆ ಪ್ರಯತ್ನವನ್ನೇ ಬಿಟ್ಟಿದ್ದ. ಅವನಿಗೆ ಭಯವಾಗಿತ್ತು.

"ಸಮತಟ್ಟು ನೆಲದಲ್ಲಿ ಎಡವೋನಿಗೆ ನೆಲ ಹಾಸೋ ಕೆಲಸ ಯಾರು ಕೊಡ್ತಾರೆ, ಹೇಳು."

"ನರ ನಿಧಾನಕ್ಕೆ ಚೇತರಿಸ್ಕೊಳ್ಳುತ್ತೆ ಅಂತ ಡಾಕ್ಟ್ರು ಹೇಳಿಲ್ವಾ? ಆತುರಗಾರನಿಗೆ ಬುದ್ಧಿ ಮಟ್ಟ."

ಮೇಸ್ತ್ರಿಯ ಕಣ್ಣು ತನ್ನ ಬಲಗಾಲಿನ ಬುಡದ ಟೈಲ್ಸ್ ಮೇಲೆ ನೆಟ್ಟಿತ್ತು.

"ಯಾವ ಪುಣ್ಯಾತ್ಮ ಹಾಕಿದ್ನೋ ಇದನ್ನ. ಅಡೀಲಿ ಸಿಮೆಂಟೇ ಕೂತಿಲ್ಲ. ಟೊಳ್ಳು ಕಣೇ, ಕೇಳು." ಹಿಮ್ಮಡಿಯನ್ನು ನೆಲಕ್ಕೂರಿ ಚಪ್ಪಲಿಯ ತುದಿಯಿಂದ ಟಕ್ ಟಕ್ ಎಂದು ಕುಟ್ಟಿದ. "ಕೇಳಿಸ್ತಾ?"

ಹೆಂಡತಿ ಅವನ ಬಲಪಾದವನ್ನೇ ನೋಡಿದಳು. ಅವರನ್ನು ಕರೆಯಲೆಂದು ಬಾಗಿಲು ತೆರೆದ ಡಾಕ್ಟರು, ಅವಳು ತುಟಿಯ ಮೇಲೆ ಬೆರಳಿಟ್ಟದ್ದನ್ನು ಕಂಡು ಅಲ್ಲೇ ನಿಂತರು. ಅವಳು ನೋಡುತ್ತಿದ್ದ ಕಡೆಗೇ ನೋಡಿದರು.

"ಸರಿಯಾಗಿ ಕೇಳಿಸ್ಲಿಲ್ಲ ರೀ," ಎಂದಳು ಅವಳು, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ಇನ್ನೊಂದ್ಸಲ ಕುಟ್ಟಿ."

"ಅಂತೂ ಮೂವತ್ತು ವರ್ಷಕ್ಕೆ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದೆಯಲ್ಲ," ಎಂದು ಮೇಸ್ತ್ರಿ ಬೀಗುತ್ತ, ಮತ್ತೆ ಪಾದ ಎತ್ತಿ ಕುಟ್ಟಿದ.