ಡರ್ಬಿ ಮರಿಗೆ ಹಾಲು

ಮರಿ ಹಾಕಿದ ಕೂಡಲೇ ತಾಯಿ ಕುದುರೆ ಸತ್ತಿತು. ಮರಿಯೋ ಬಾಟಲಿಗೆ ಬಾಯೇ ಹಾಕಲೊಲ್ಲದು. ಲಾಯದ ಯಜಮಾನ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿದ. ಸುತ್ತಮುತ್ತ ಹಾಲು ಕೊಡುವ ಕುದುರೆ ಇದ್ದದ್ದು, ಹಿಂದೆ ಇದೇ ಲಾಯದಲ್ಲಿ ದುಡಿದಿದ್ದ ಜಟಕಾ ಮಂಚಯ್ಯನ ಹತ್ತಿರ ಮಾತ್ರ.

"ಈ ಮರಿ ಅಪ್ಪ ಡರ್ಬಿ ರೇಸ್ ಗೆದ್ದವನು ಕಣೋ ಮಂಚಯ್ಯ. ತಾಯಿ ಕಡೇನೂ ಗೆದ್ದ ರಕ್ತವೇ. ಇವನು ಓಡಿದ್ರೆ ನನ್ನ ಲಾಯ ಉಳಿಯುತ್ತೆ, ಇಲ್ಲಾಂದ್ರೆ ಮುಗೀತು. ನಿನ್ನ ಕುದುರೆ ಹಿಡ್ಕೊಂಡು ಬಾರೋ."

"ಬೇರೆ ಮರಿನ ಅದು ಹತ್ರ ಸೇರ್ಸಲ್ಲ ಬುದ್ಧಿ, ಒದ್ದು ಸಾಯಿಸ್ಬಿಡುತ್ತೆ. ಅದಕ್ಕೆ ತನ್ನ ಮರಿ ವಾಸನೇನೇ ಬರ್ಬೇಕು."

"ಏನಾದ್ರೂ ಮಾಡೋ, ನಿನ್ನ ಕಾಲಿಗೆ ಬೀಳ್ತೀನಿ!" ಯಜಮಾನ ಅತ್ತೇಬಿಟ್ಟ.

ಸಂಜೆ ಹೊತ್ತಿಗೆ ಮಂಚಯ್ಯ ಕುದುರೆ ಹಿಡಿದು ಬಂದ. ಹೆಗಲ ಮೇಲಿದ್ದ ಹಸಿ ತೊಗಲನ್ನು ಇಳಿಸಿ, ನಡುಗುತ್ತಿದ್ದ ಮರಿಯ ಬೆನ್ನಿಗೆ ಹೊದಿಸಿ ಕಟ್ಟಿದ. ಜಟಕಾ ಕುದುರೆ ಅದನ್ನು ಮೂಸಿತು, ನೆಕ್ಕಿತು, ಆಮೇಲೆ ಕೆಚ್ಚಲಿಗೆ ಬಿಟ್ಟುಕೊಂಡಿತು. ಮರಿ ಗಟಗಟ ಕುಡಿಯತೊಡಗಿತು.

ಯಜಮಾನನಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ ಪಾಪ, ನಿನ್ನ ಮರಿ ಯಾವಾಗ ಸತ್ತೋಯ್ತೋ?"

ಮಂಚಯ್ಯ ತಲೆ ಎತ್ತಲಿಲ್ಲ.

"ನೀವು ಫೋನ್ ಮಾಡಿದ್ಮೇಲೆ, ಬುದ್ಧಿ."